ಪರದೇಶದಲ್ಲಿ ಒಂದು ತಿಂಗಳು: ಮೂವತ್ತರಿಂದ ಗುಣಿಸುವ ಮೊದಲು

"ಅಲ್ಲಿ ಒಂದು ತಿಂಗಳಿದ್ದು ಬರಲು ಎಷ್ಟಾಗುತ್ತೆ?" ಈ ಪ್ರಶ್ನೆಗೆ ಹೆಚ್ಚಿನವರು ಹಾಕುವ ಲೆಕ್ಕ ಒಂದೇ. ದಿನಕ್ಕೆ ಇಷ್ಟು, ಅದಕ್ಕೆ ಮೂವತ್ತರ ಗುಣಾಕಾರ, ಮೇಲೊಂದು ವಿಮಾನದ ಟಿಕೆಟ್. ಮುಗೀತು. ನಾಲ್ಕೈದು ದಿನದ ಪ್ರವಾಸಕ್ಕೆ ಈ ಲೆಕ್ಕ ಪರವಾಗಿಲ್ಲ. ತಿಂಗಳಿಗೆ ಬಂದರೆ ಮಾತ್ರ ಕೈಕೊಡುತ್ತದೆ. ಒಂದೇ ಊರಿಗೆ, ಒಂದೇ ತಿಂಗಳಲ್ಲಿ ಹೋಗಿಬಂದ ಇಬ್ಬರನ್ನು ಕೇಳಿ ನೋಡಿ. ಒಬ್ಬರ ಖರ್ಚು ಇನ್ನೊಬ್ಬರದರ ಎರಡು ಪಟ್ಟು ಇರಬಹುದು. ಇಬ್ಬರೂ ದುಂದು ಮಾಡಿದವರಲ್ಲ, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ದುಡ್ಡು ಮೂರು ದಾರಿಯಲ್ಲಿ ಹೋಗುತ್ತದೆ. ಒಂದು, ಹೊರಡುವ ಮೊದಲೇ ಕೈಬಿಟ್ಟ ದುಡ್ಡು: ಟಿಕೆಟ್, ವೀಸಾ, ವಿಮೆ. ಇನ್ನೊಂದು, ಸುಮ್ನೆ ಕೂತರೂ ದಿನಾ ಖರ್ಚಾಗುವುದು: ರೂಮು, ಊಟ. ಮೂರನೆಯದು ಜಾಗ ಬದಲಿಸಿದಾಗಲೆಲ್ಲ ಆಗುವ ಖರ್ಚು. ಈ ಮೂರನೆಯದನ್ನು ಯಾರೂ ಬರೆದಿಡುವುದಿಲ್ಲ. ನನ್ನ ಪ್ರಕಾರ ತಿಂಗಳ ಬಜೆಟ್ ಹದ ತಪ್ಪುವುದು ಅಲ್ಲೇ. ಯಾವ ದೇಶ ಎನ್ನುವುದು ಮುಖ್ಯ ಹೌದು. ಆದರೆ ತಿಂಗಳಲ್ಲಿ ಎಷ್ಟು ಸಲ ಗಂಟುಮೂಟೆ ಕಟ್ಟುತ್ತೀರಿ ಎನ್ನುವುದು ಎಷ್ಟೋ ಸಲ ಅದಕ್ಕಿಂತ ಮುಖ್ಯ.

ಮೊದಲನೆಯದನ್ನು ಬೇಗ ಮುಗಿಸೋಣ. ಟಿಕೆಟ್, ವೀಸಾ, ವಿಮೆ ಎಲ್ಲ ಸೇರಿ 900 ಡಾಲರ್ ಆಯಿತು ಅಂದುಕೊಳ್ಳಿ. ಹತ್ತು ದಿನಕ್ಕೆ ಹೋದರೆ ದಿನವೊಂದಕ್ಕೆ 90 ಡಾಲರ್ ಬಿತ್ತು. ಮೂವತ್ತು ದಿನ ಇದ್ದರೆ 30 ಡಾಲರ್ ಅಷ್ಟೇ. ಹಾಗಾಗಿ ದೂರದ, ಟಿಕೆಟ್ ದುಬಾರಿಯಾದ, ಆದರೆ ಒಳಗೆ ಅಗ್ಗವಾಗಿರುವ ದೇಶಗಳು ವಾರದ ಪ್ರವಾಸಕ್ಕೆ ಲುಕ್ಸಾನು, ತಿಂಗಳ ವಾಸಕ್ಕೆ ಲಾಭ. ಹತ್ತಿರದ ದುಬಾರಿ ದೇಶದ ಕತೆ ಇದಕ್ಕೆ ತದ್ವಿರುದ್ಧ.

ರೂಮಿನ ಬಿಲ್ಲನ್ನು ಬಿಡಿಸಿ ನೋಡಿದರೆ

ತಿಂಗಳ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ತುತ್ತು ಸಾಮಾನ್ಯವಾಗಿ ರೂಮಿನದು. ಹಾಗಾಗಿ ಅಲ್ಲಿ ಸ್ವಲ್ಪ ನಿಂತು ನೋಡಬೇಕು.

ಒಂದು ಪುಟ್ಟ ಮನೆ, ರಾತ್ರಿಗೆ 40 ಡಾಲರ್ ಅಂತ ತೋರಿಸುತ್ತಿದೆ ಎನ್ನೋಣ. ಕ್ಲೀನಿಂಗ್ ಶುಲ್ಕ 60. ಬುಕಿಂಗ್ ತಾಣದ ಸೇವಾ ಶುಲ್ಕ ಶೇ 14. ನೀವು ಎರಡು ರಾತ್ರಿಗೆ ಬುಕ್ ಮಾಡಿದರೆ ಬಾಡಿಗೆ 80, ಕ್ಲೀನಿಂಗ್ 60, ಎರಡೂ ಸೇರಿದ 140ರ ಮೇಲೆ ಸೇವಾ ಶುಲ್ಕ ಸುಮಾರು 20. ಒಟ್ಟು 160. ಅಂದರೆ ರಾತ್ರಿಗೆ 80 ಡಾಲರ್! ತೋರಿಸಿದ ಬೆಲೆಯ ಎರಡರಷ್ಟು.

ಅದೇ ಮನೆಯನ್ನು ಮೂವತ್ತು ರಾತ್ರಿಗೆ ತಗೊಳ್ಳಿ. ಬಾಡಿಗೆ 1,200. ತಿಂಗಳ ರಿಯಾಯಿತಿ ಶೇ 30 ಇದ್ದರೆ 840ಕ್ಕೆ ಇಳಿಯಿತು. ಕ್ಲೀನಿಂಗ್ ಅದೇ 60, ಒಂದೇ ಸಲ. 900ರ ಮೇಲೆ ಸೇವಾ ಶುಲ್ಕ 126. ಒಟ್ಟು 1,026, ರಾತ್ರಿಗೆ 34 ಡಾಲರ್ ಚಿಲ್ಲರೆ. ಮನೆ ಅದೇ, ಹಾಸಿಗೆ ಅದೇ. ಒಬ್ಬರು 80 ಕೊಟ್ಟರು, ಇನ್ನೊಬ್ಬರು 34 ಕೊಟ್ಟರು. ಮೊದಲು ಹೇಳಿದ ಆ ಇಬ್ಬರ ಖರ್ಚು ಎರಡು ಪಟ್ಟು ಬೇರೆಯಾಗಿದ್ದು ಹೀಗೆ.

ಇಲ್ಲಿ ಗಮನಿಸಬೇಕಾದ ಒಂದು ಅಂಚು ಇದೆ. ಏರ್‌ಬಿಎನ್‌ಬಿ ಎಂಬ ಬುಕಿಂಗ್ ತಾಣದಲ್ಲಿ ತಿಂಗಳ ರಿಯಾಯಿತಿ ಶುರುವಾಗುವುದು 28 ರಾತ್ರಿಗೆ. 27 ರಾತ್ರಿ ಬುಕ್ ಮಾಡಿದರೆ ಸಿಗುವುದು ವಾರದ ರಿಯಾಯಿತಿ ಮಾತ್ರ. ಮೇಲಿನ ಮನೆಗೆ ವಾರದ ರಿಯಾಯಿತಿ ಶೇ 10 ಇದ್ದರೆ 27 ರಾತ್ರಿಯ ಬಾಡಿಗೆ 972 ಡಾಲರ್, 28 ರಾತ್ರಿಯದು 784. ಜಾಸ್ತಿ ದಿನಕ್ಕೆ ಕಮ್ಮಿ ದುಡ್ಡು! ನೀವು 25 ದಿನ ಮಾತ್ರ ಇರುವುದಾದರೂ 28 ಹಾಕಿ ಮೊದಲೇ ಹೊರಟುಬಿಡುವುದು ಅಗ್ಗವಾಗಬಹುದು. ಬುಕಿಂಗ್ ಪುಟದಲ್ಲಿ ತಾರೀಖನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಿ ನೋಡಲು ಎರಡು ನಿಮಿಷ ಸಾಕು. ಆದರೆ ಹೀಗೆ ತಿಂಗಳಿಗೆ ತಗೊಂಡ ರೂಮನ್ನು ನಡುವೆ ರದ್ದು ಮಾಡುವ ನಿಯಮ ಬಿಗಿಯಾಗಿರುತ್ತದೆ. ಜಾಗ ಹಿಡಿಸದಿದ್ದರೆ ದುಡ್ಡು ಪೂರ್ತಿ ವಾಪಸ್ ಬರುವುದಿಲ್ಲ. ಮೊದಲ ನಾಲ್ಕು ದಿನ ಒಂದು ಸಾದಾ ಹೋಟೆಲ್ಲಿನಲ್ಲಿದ್ದು, ಬೀದಿ ಬೀದಿ ನಡೆದು ನೋಡಿ ಆಮೇಲೆ ಮನೆ ಹಿಡಿಯುವವರೂ ಇದ್ದಾರೆ. ಪ್ರವಾಸಿಗರು ಕಮ್ಮಿ ಇರುವ ತಿಂಗಳಲ್ಲಿ ಅದು ಒಳ್ಳೆಯ ಉಪಾಯ. ಸೀಸನ್ನಿನಲ್ಲಿ ಮಾತ್ರ ಬೇಡ.

ಎಲ್ಲ ಊರಲ್ಲೂ ಈ ತರಹ ಮನೆ ಸಿಗುತ್ತದೆ ಅಂತಲೂ ಇಲ್ಲ. ಸ್ಥಳೀಯರಿಗೆ ಬಾಡಿಗೆ ಮನೆ ಸಿಗದಂತಾಗಿದೆ ಎಂದು ಹಲವು ನಗರಗಳು ಕಡಿವಾಣ ಹಾಕಿವೆ. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 2023ರಿಂದ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಬೇಕು, ಅತಿಥಿಗಳಿದ್ದಾಗ ತಾವೂ ಅಲ್ಲೇ ಇರಬೇಕು. ಬಾರ್ಸಿಲೋನಾ 2028ರ ಕೊನೆಯ ಹೊತ್ತಿಗೆ ಪ್ರವಾಸಿ ಮನೆಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ ಹೇಳಿದೆ. ಇಂಥ ಊರಿಗೆ ಹೋಗುವವರು ಹಳೇ ಬೆಲೆಗಳನ್ನು ನಂಬಿ ಕೂರಬಾರದು.

"ಅಗ್ಗದ ದೇಶ" ಅಂದರೆ ಏನು ಅಗ್ಗ?

ಯಾವುದೇ ದೇಶದಲ್ಲಿ ಎಲ್ಲವೂ ಅಗ್ಗ ಇರುವುದಿಲ್ಲ. ಇದರ ಹಿಂದೆ ಒಂದು ಅರ್ಥಶಾಸ್ತ್ರ ಇದೆ. 1964ರಲ್ಲಿ ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಶ್ಶ ಮತ್ತು ಪಾಲ್ ಸ್ಯಾಮುಯೆಲ್ಸನ್ ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಸಾರ ಇಷ್ಟೇ. ಹಡಗು ಹತ್ತಿ ಗಡಿ ದಾಟುವ ವಸ್ತುಗಳ ಬೆಲೆ ಎಲ್ಲ ಕಡೆ ಸುಮಾರು ಹತ್ತಿರ ಹತ್ತಿರ ಇರುತ್ತದೆ. ಗಡಿ ದಾಟಲಾಗದ ಕೆಲಸಗಳ ಬೆಲೆ ಅಲ್ಲಿನ ಕೂಲಿಯನ್ನು ಹಿಡಿದು ನಡೆಯುತ್ತದೆ. ಕ್ಷೌರ, ಟ್ಯಾಕ್ಸಿ, ಬಟ್ಟೆ ಒಗೆಸುವುದು, ಬೀದಿಬದಿಯ ಬಿಸಿ ಊಟ, ಇವನ್ನೆಲ್ಲ ಆಮದು ಮಾಡಿಕೊಳ್ಳಲು ಬರುವುದಿಲ್ಲ ನೋಡಿ. ಕೂಲಿ ಕಡಿಮೆ ಇರುವ ದೇಶದಲ್ಲಿ ಇವು ತೀರಾ ಅಗ್ಗ. ಅದೇ ದೇಶದಲ್ಲಿ ಆಮದಾದ ಚೀಸು, ವೈನು, ಸನ್‌ಸ್ಕ್ರೀನು, ಫೋನು ಶ್ರೀಮಂತ ದೇಶದಷ್ಟೇ ಬೆಲೆಗೆ ಸಿಗುತ್ತವೆ. ಮೇಲಿಂದ ಸುಂಕ ಬಿದ್ದರೆ ಇನ್ನೂ ದುಬಾರಿ.

ಇದರಿಂದ ಪ್ರವಾಸಿಗೆ ಸಿಗುವ ಸೂತ್ರ ಸರಳ. ಅಗ್ಗದ ದೇಶದಲ್ಲಿ ಬೇರೆಯವರ ಕೈಯಿಂದ ಮಾಡಿಸಿಕೊಳ್ಳಿ, ದುಬಾರಿ ದೇಶದಲ್ಲಿ ನೀವೇ ಮಾಡಿಕೊಳ್ಳಿ. ಬ್ಯಾಂಕಾಕಿನಲ್ಲಿ ಅಡುಗೆ ಮಾಡಿ ಉಳಿಸಲು ಹೋದರೆ ಉಳಿಯುವುದು ಅಷ್ಟಕ್ಕಷ್ಟೇ. ಬೀದಿಯ ಊಟವೇ ಅಗ್ಗ. ಜ್ಯೂರಿಕ್ಕಿನಲ್ಲಿ ದಿನಕ್ಕೆ ಎರಡು ಹೊತ್ತು ಹೋಟೆಲ್ಲಿನಲ್ಲಿ ಉಂಡರೆ ತಿಂಗಳ ಬಜೆಟ್ ಎರಡೇ ವಾರದಲ್ಲಿ ಖಾಲಿ. ಅಲ್ಲಿ ಅಡುಗೆಮನೆ ಇರುವ ರೂಮಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಸೂಪರ್‌ಮಾರ್ಕೆಟ್ಟಿಗೂ ಹೋಟೆಲ್ಲಿಗೂ ನಡುವಿನ ಅಂತರದಲ್ಲಿ ದೊಡ್ಡ ಪಾಲು ಕೂಲಿಯದು.

ದಿ ಎಕನಾಮಿಸ್ಟ್ ಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಬರ್ಗರಿನ ಬೆಲೆಯನ್ನು ದೇಶದಿಂದ ದೇಶಕ್ಕೆ ಹೋಲಿಸುತ್ತಾ ಬಂದಿದೆ. ಕರೆನ್ಸಿಗಳ ಬೆಲೆ ಸರಿಯಿದೆಯೇ ಅಂತ ನೋಡುವ ತಮಾಷೆಯ ಅಳತೆಗೋಲು ಅದು. ಓದಲು ಚೆನ್ನಾಗಿದೆ, ಆದರೆ ಪ್ರವಾಸದ ಬಜೆಟ್ಟಿಗೆ ಬಳಸಬೇಡಿ. ಎಷ್ಟೋ ದೇಶಗಳಲ್ಲಿ ಆ ಬರ್ಗರ್ ಅಲ್ಲಿನ ಸಾದಾ ಊಟಕ್ಕಿಂತ ದುಬಾರಿ.

ಆನ್‌ಲೈನಿನಲ್ಲಿ ಸಿಗುವ "ಜೀವನ ವೆಚ್ಚ"ದ ಪಟ್ಟಿಗಳದ್ದೂ ಇಂಥದ್ದೇ ತೊಂದರೆ. ನಂಬಿಯೋ ಎಂಬ ಜಾಲತಾಣದ ಸೂಚ್ಯಂಕ ನ್ಯೂಯಾರ್ಕನ್ನು 100 ಎಂದು ಹಿಡಿದು ಉಳಿದ ಊರುಗಳನ್ನು ಅಳೆಯುತ್ತದೆ. ಅದರ ಮುಖ್ಯ ಸೂಚ್ಯಂಕದಲ್ಲಿ ಬಾಡಿಗೆ ಸೇರಿರುವುದೇ ಇಲ್ಲ. ಬಾಡಿಗೆಗೆ ಬೇರೆಯೇ ಸೂಚ್ಯಂಕ ಇದೆ, ಅದರಲ್ಲಿ ಬರುವುದು ಅಲ್ಲೇ ನೆಲೆಸಿದವರು ಕೊಡುವ ತಿಂಗಳ ಬಾಡಿಗೆ. ನಿಮಗೆ ಆ ಬೆಲೆಗೆ ಮನೆ ಸಿಗುವುದಿಲ್ಲ. ಒಂದೇ ತಿಂಗಳಿಗೆ ಪಾತ್ರೆ, ಹಾಸಿಗೆ, ವೈಫೈ ಸಮೇತ ಕೊಡುವವರು ಅದಕ್ಕಿಂತ ಎಷ್ಟೋ ಜಾಸ್ತಿ ಕೇಳುತ್ತಾರೆ. ಮರ್ಸರ್‌ನಂಥ ಸಂಸ್ಥೆಗಳ ಪಟ್ಟಿಗಳಂತೂ ಕಂಪನಿಗಳು ಹೊರದೇಶಕ್ಕೆ ಕಳಿಸುವ ನೌಕರರಿಗಾಗಿ ಮಾಡಿದವು. ಅವುಗಳಿಂದ ಊರು ಊರಿನ ನಡುವಿನ ಅಂತರ ತಿಳಿಯುತ್ತದೆ, ನಿಮ್ಮ ಬಿಲ್ಲು ತಿಳಿಯುವುದಿಲ್ಲ.

ಇನ್ನು ಹಳೆಯ ಅಂಕಿಗಳು. 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 103 ಯೆನ್ ಸಿಗುತ್ತಿತ್ತು. ಜುಲೈ 2024ರ ಹೊತ್ತಿಗೆ 160 ದಾಟಿತು. ಅದೇ 10,000 ಯೆನ್ನಿನ ರೂಮು 97 ಡಾಲರಿನಿಂದ 62ಕ್ಕೆ ಇಳಿದಂತಾಯಿತು. ಅರ್ಜೆಂಟೀನಾದಲ್ಲಿ ನಡೆದಿದ್ದು ಉಲ್ಟಾ. 2023ರಲ್ಲಿ ಅಲ್ಲಿನ ಹಣದುಬ್ಬರ ಶೇ 211. ಆದರೂ ಡಾಲರ್ ಹಿಡಿದು ಹೋದವರಿಗೆ ದೇಶ ಬಲು ಅಗ್ಗ, ಏಕೆಂದರೆ ಕಾಳಸಂತೆಯಲ್ಲಿ ಡಾಲರಿಗೆ ಸರ್ಕಾರಿ ದರಕ್ಕಿಂತ ಎಷ್ಟೋ ಜಾಸ್ತಿ ಪೆಸೊ (ಅಲ್ಲಿನ ಕರೆನ್ಸಿ) ಸಿಗುತ್ತಿತ್ತು. 2024ರಲ್ಲಿ ಸರ್ಕಾರ ಪೆಸೊವನ್ನು ನಿಧಾನಕ್ಕೆ ಮಾತ್ರ ಇಳಿಯಲು ಬಿಟ್ಟಿತು. ಬೆಲೆಗಳು ಏರುತ್ತಲೇ ಹೋದವು. ಡಾಲರ್ ಲೆಕ್ಕದಲ್ಲಿ ದೇಶ ದುಬಾರಿಯಾಯಿತು. 2022ರ ಪ್ರವಾಸ ಕಥನ ಓದಿ 2025ಕ್ಕೆ ಹೊರಟವರ ಜೇಬಿಗೆ ಕತ್ತರಿ ಬೀಳುವುದು ಹೀಗೆ. ಯಾವುದೇ ಅಂಕಿ ನೋಡಿದರೂ ಮೊದಲು ಅದರ ತಾರೀಖು ನೋಡಿ.

ಊರು ಬದಲಿಸುವುದರ ನಿಜವಾದ ಬೆಲೆ

ಈಗ ಆ ಮೂರನೇ ದಾರಿ. ಒಂದು ಊರಿಂದ ಇನ್ನೊಂದಕ್ಕೆ ಹೋಗಲು ರೈಲಿಗೆ 35 ಯೂರೊ ಅಂತ ಬರೆದುಕೊಂಡಿರುತ್ತೀರಿ. ಆದರೆ ಅವತ್ತು ಏನೇನಾಗುತ್ತದೆ ನೋಡಿ. ಹನ್ನೊಂದಕ್ಕೆ ರೂಮು ಬಿಡಬೇಕು, ಹೊಸ ರೂಮು ಸಿಗುವುದು ಮೂರಕ್ಕೆ. ನಡುವೆ ಲಗೇಜು ಇಡಲು ಲಾಕರಿಗೆ ದುಡ್ಡು. ಸ್ಟೇಷನ್ನಿನ ತನಕ ಟ್ಯಾಕ್ಸಿ, ಆ ಕಡೆ ಇಳಿದ ಮೇಲೆ ಇನ್ನೊಂದು. ದಾರಿಯಲ್ಲಿ ಸ್ಟೇಷನ್ನಿನ ದುಬಾರಿ ಊಟ. ಫ್ರಿಜ್ಜಿನಲ್ಲಿ ಉಳಿದ ಅರ್ಧ ಬಾಟಲಿ ಎಣ್ಣೆ, ಮೊಟ್ಟೆ, ಹಾಲು ಅಲ್ಲೇ ಬಿಟ್ಟು ಬಂದಿದ್ದೀರಿ. ಹೊಸ ಮನೆಯಲ್ಲಿ ಮತ್ತೆ ಎಣ್ಣೆ, ಉಪ್ಪು, ಸೋಪಿನ ಪುಡಿ. ಅಲ್ಲಿಯ ಕ್ಲೀನಿಂಗ್ ಶುಲ್ಕ ಬೇರೆ. ಎಲ್ಲಿ ಏನು ಅಗ್ಗ ಅಂತ ಗೊತ್ತಿಲ್ಲದ ಕಾರಣ ಮೊದಲ ಎರಡು ಮೂರು ದಿನ ಕಣ್ಣಿಗೆ ಬಿದ್ದ ಮೊದಲ ಅಂಗಡಿಯಲ್ಲೇ ವ್ಯಾಪಾರ. 35 ಯೂರೊದ ರೈಲು ನೂರೈವತ್ತಕ್ಕೆ ಮುಟ್ಟಿದರೆ ಆಶ್ಚರ್ಯವಿಲ್ಲ.

ತಿಂಗಳಲ್ಲಿ ಎಂಟು ಊರು ನೋಡುವವರು ಈ ಖರ್ಚನ್ನು ಎಂಟು ಸಲ ಮಾಡುತ್ತಾರೆ. ಎರಡೇ ಊರಲ್ಲಿ ತಂಗುವವರು ಎರಡು ಸಲ. ಎರಡೇ ಊರು ನೋಡಿ ಅಂತ ನಾನು ಹೇಳುತ್ತಿಲ್ಲ. ಒಂದೇ ಮನೆ ಹಿಡಿದು, ಅಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವಂತೆ ಸುತ್ತಮುತ್ತಲಿನ ಊರುಗಳನ್ನು ನೋಡಿದರೆ ಕಾಣುವುದು ಅಷ್ಟೇ ಇರುತ್ತದೆ, ಗಂಟುಮೂಟೆಯ ಗೋಳು ಇರುವುದಿಲ್ಲ.

ಓಡಾಟದ ಪಾಸುಗಳೂ ಈ ವೇಗದ ಪ್ರಶ್ನೆಯೇ. ಜಪಾನಿನ ರೈಲ್ ಪಾಸ್ ಏಳು ದಿನಕ್ಕೆ 29,650 ಯೆನ್ ಇತ್ತು, ಅಕ್ಟೋಬರ್ 2023ರಲ್ಲಿ ಒಂದೇ ಏಟಿಗೆ 50,000 ಆಯಿತು. ದಿನಾ ದೂರ ಓಡುವವರಿಗೆ ಮಾತ್ರ ಅದು ಗಿಟ್ಟುತ್ತದೆ. ಒಂದೇ ಊರಲ್ಲಿ ಕೂರುವವರಿಗೆ ದಂಡ. ಜರ್ಮನಿಯದು ಬೇರೆ ಕತೆ. ಅಲ್ಲಿನ ಡಾಯ್ಚ್‌ಲ್ಯಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ದೇಶದ ಎಲ್ಲ ಊರುಗಳ ಬಸ್ಸು, ಮೆಟ್ರೊ, ಸ್ಥಳೀಯ ರೈಲಿಗೆ ಅದೊಂದೇ ಸಾಕು, ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಆದರೆ ಅದು ಚಂದಾ. ಕ್ಯಾಲೆಂಡರ್ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ, ನೀವಾಗಿ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. 15ನೇ ತಾರೀಖಿಗೆ ಬಂದು ಮುಂದಿನ ತಿಂಗಳ 14ಕ್ಕೆ ಹೊರಡುವವರಿಗೆ ಎರಡು ತಿಂಗಳ ಪಾಸು ಬೇಕಾಗಬಹುದು. ಲಕ್ಸೆಂಬರ್ಗಿನಲ್ಲಿ ಈ ತಲೆನೋವೇ ಇಲ್ಲ. 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಬಿಟ್ಟಿ. ಅಲ್ಲಿನ ರೂಮಿನ ಬಾಡಿಗೆ ನೋಡಿದ ಮೇಲೆ ಆ ಖುಷಿ ಸ್ವಲ್ಪ ಇಳಿಯುತ್ತದೆ ಅನ್ನುವುದು ಬೇರೆ ಮಾತು.

ಸರ್ಕಾರಗಳ ಪಾಲು

ವೀಸಾದಲ್ಲಿ "ಒಂದು ತಿಂಗಳು" ಎಂಬುದು ಸಾಮಾನ್ಯವಾಗಿ ಇರುವುದಿಲ್ಲ, ಇರುವುದು 30 ದಿನ. ಇಂಡೋನೇಷ್ಯಾದಲ್ಲಿ ಇಳಿದ ಮೇಲೆ ಸಿಗುವ ವೀಸಾಕ್ಕೆ 5 ಲಕ್ಷ ರುಪಿಯಾ, ಅವಧಿ 30 ದಿನ, ಇಳಿದ ದಿನವೇ ಮೊದಲ ದಿನ. ವೀಸಾ ವಿಸ್ತರಿಸಿಕೊಳ್ಳದಿದ್ದರೆ 1ನೇ ತಾರೀಖು ಇಳಿದವರು 30ಕ್ಕೆ ಹೊರಡಲೇಬೇಕು. ತಿಂಗಳಿಗೆ 31 ದಿನ ಇದೆಯಲ್ಲ ಎಂದು 31ಕ್ಕೆ ಟಿಕೆಟ್ ಮಾಡಿಸಿದರೆ ಒಂದು ದಿನ ಮೀರಿದಂತೆ. ಮೀರಿದ ದಿನವೊಂದಕ್ಕೆ ದಂಡ 10 ಲಕ್ಷ ರುಪಿಯಾ, ಅಂದರೆ ವೀಸಾದ ಎರಡರಷ್ಟು. ಬಾಲಿಗೆ ಹೋಗುವವರು 2024ರ ಫೆಬ್ರವರಿಯಿಂದ ಇನ್ನೂ ಒಂದೂವರೆ ಲಕ್ಷ ರುಪಿಯಾ ಕೊಡಬೇಕು, ಅದು ಒಂದೇ ಸಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾ ಬೇಕಾದವರಿಗೆ ಜೂನ್ 2024ರಿಂದ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಪ್ರವಾಸಿ ತೆರಿಗೆಯಲ್ಲಿ ನೋಡಬೇಕಾದ್ದು ಮೊತ್ತವನ್ನಲ್ಲ, ಅದನ್ನು ಎಣಿಸುವ ರೀತಿಯನ್ನು. ಲಿಸ್ಬನ್ನಿನಲ್ಲಿ ತಲೆಗೆ ರಾತ್ರಿಗೆ 4 ಯೂರೊ, ಆದರೆ ಹೆಚ್ಚೆಂದರೆ 7 ರಾತ್ರಿಗೆ. ತಿಂಗಳಿದ್ದರೂ 28 ಯೂರೊ ದಾಟುವುದಿಲ್ಲ. ಆಮ್‌ಸ್ಟರ್‌ಡಾಮಿನಲ್ಲಿ ರೂಮಿನ ಬೆಲೆಯ ಶೇ 12.5, ರೂಮು ದುಬಾರಿಯಾದಷ್ಟೂ ತೆರಿಗೆಯೂ ದುಬಾರಿ. ಭೂತಾನಿನಲ್ಲಿ ಹೆಚ್ಚಿನ ದೇಶಗಳ ಪ್ರವಾಸಿಗಳಿಗೆ ರಾತ್ರಿಗೆ 100 ಡಾಲರ್. ಮೂವತ್ತು ರಾತ್ರಿಗೆ 3,000 ಡಾಲರ್ ಬರೀ ತೆರಿಗೆಗೇ ಆಯಿತು, ರೂಮು ಊಟ ಇನ್ನೂ ಶುರುವೇ ಆಗಿಲ್ಲ. ತಿಂಗಳ ವಾಸ ಬೇಡ, ಬಂದು ನೋಡಿ ಹೋಗಿ ಅಂತ ಆ ದೇಶ ಹೇಳುವ ರೀತಿ ಅದು.

ಅಮೆರಿಕದಲ್ಲಿ ಮೆನುವಿನಲ್ಲಿರುವ ಬೆಲೆ ನೀವು ಕೊಡುವ ಬೆಲೆಯಲ್ಲ. 30 ಡಾಲರಿನ ಊಟಕ್ಕೆ ಶೇ 8 ಮಾರಾಟ ತೆರಿಗೆ, ಶೇ 20 ಟಿಪ್ಸು ಸೇರಿದರೆ 38 ದಾಟುತ್ತದೆ. ಟಿಪ್ಸು ಕೊಡುವುದು ಬಿಡುವುದು ನಿಮ್ಮಿಷ್ಟ ಅಂತ ಹೇಳುವವರ ಮಾತು ಕೇಳಬೇಡಿ. ಕೂತು ಉಣ್ಣುವ ಕಡೆ ಅದು ಕಡ್ಡಾಯದ ಹಾಗೇ. ಯುರೋಪಿನಲ್ಲಿ ಬರೆದ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ.

ಕಾರ್ಡು, ಎಟಿಎಂ ಮತ್ತು ಸೋರಿಕೆ

ದುಡ್ಡು ಬದಲಾಯಿಸುವುದಕ್ಕೇ ಎಷ್ಟು ದುಡ್ಡು ಹೋಗುತ್ತದೆ ಅಂತ ತಿಂಗಳ ಕೊನೆಗೆ ಕೂಡಿ ನೋಡಿದರೆ ಗೊತ್ತಾಗುತ್ತದೆ. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲವೂ ಸುಮಾರು 220 ಬಾತ್ ಹಿಡಿಯುತ್ತವೆ. 2,000 ಬಾತ್ ತೆಗೆದರೆ ಶೇ 11 ಹೋಯಿತು. 20,000 ಒಟ್ಟಿಗೆ ತೆಗೆದರೆ ಶೇ 1ರ ಆಸುಪಾಸು. ನಿಮ್ಮ ಸ್ವಂತ ಬ್ಯಾಂಕು ಹಾಕುವುದು ಇದರ ಮೇಲೆ. ಕೈಯಲ್ಲಿ ಜಾಸ್ತಿ ನಗದು ಇಟ್ಟುಕೊಳ್ಳಲು ಹೆದರಿ ದಿನ ಬಿಟ್ಟು ದಿನ ಎಟಿಎಂಗೆ ಹೋಗುವವರು ಆ ಹೆದರಿಕೆಗೆ ಒಳ್ಳೆಯ ಬೆಲೆಯನ್ನೇ ಕೊಡುತ್ತಾರೆ.

ಇನ್ನೊಂದು, ಕಾರ್ಡ್ ಯಂತ್ರ ಕೇಳುವ ಪ್ರಶ್ನೆ. "ನಿಮ್ಮ ದೇಶದ ಕರೆನ್ಸಿಯಲ್ಲೇ ಕೊಡುತ್ತೀರಾ?" ಅಂತ ಪರದೆಯ ಮೇಲೆ ಬರುತ್ತದೆ. ಪರಿಚಿತ ಕರೆನ್ಸಿ ಕಂಡಾಗ ಹಾಯೆನಿಸಿ ಬೆರಳು ಅತ್ತಲೇ ಹೋಗುತ್ತದೆ. ಬೇಡ. ಆಗ ವಿನಿಮಯ ದರ ನಿರ್ಧರಿಸುವುದು ಅಂಗಡಿಯ ಕಡೆಯ ಕಂಪನಿ, ಅದರಲ್ಲಿ ಅವರ ಲಾಭ ಸೇರಿರುತ್ತದೆ. ಯಾವಾಗಲೂ ಸ್ಥಳೀಯ ಕರೆನ್ಸಿಯನ್ನೇ ಒತ್ತಿ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲೂ ಇದೇ ಉತ್ತರ.

ಸಿಮ್ಮು, ಬಟ್ಟೆ ಒಗೆಸುವುದು, ಮ್ಯೂಸಿಯಂ ಟಿಕೆಟ್ ಇವುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ರೂಮು, ಊಟ, ಓಡಾಟ ಸರಿಯಾದರೆ ಇವು ಬಜೆಟ್ಟನ್ನು ಮುಳುಗಿಸುವುದಿಲ್ಲ.

ಇಬ್ಬರು ಹೋದರೆ ಖರ್ಚು ಎರಡು ಪಟ್ಟಾಗುವುದಿಲ್ಲ. ರೂಮು, ಟ್ಯಾಕ್ಸಿ, ಎಣ್ಣೆ ಉಪ್ಪು ಹಂಚಿಹೋಗುತ್ತವೆ. ವಿಮಾನ, ವೀಸಾ, ವಿಮೆ, ಊಟ ಹಂಚಿಹೋಗುವುದಿಲ್ಲ. ಹಾಗಾಗಿ ಒಬ್ಬರೇ ಹೋಗುವವರು ಜೋಡಿಗಳ ಬಜೆಟ್ಟನ್ನು ಓದಿ ಅರ್ಧ ಮಾಡಿಕೊಂಡರೆ ಲೆಕ್ಕ ಕೆಡುತ್ತದೆ. ಮೇಲಿನ ಮನೆಯನ್ನೇ ತಗೊಳ್ಳಿ. 1,026 ಡಾಲರಿನಲ್ಲಿ ಜೋಡಿಯಲ್ಲಿ ಒಬ್ಬರ ಪಾಲು 513, ಒಂಟಿಯಾಗಿ ಹೋದವರದು ಪೂರ್ತಿ 1,026. ಒಬ್ಬರೇ ಇರುವವರು ಇಡೀ ಮನೆಯ ಬದಲು ಯಾರದೋ ಮನೆಯಲ್ಲಿ ಒಂದು ಕೋಣೆ ಹಿಡಿದರೆ ಅಂತರ ಬಹಳಷ್ಟು ಮುಚ್ಚುತ್ತದೆ.

ಕೊನೆಗೆ, ನೀವು ಬಿಟ್ಟು ಬಂದ ಮನೆ. ಅದರ ಬಾಡಿಗೆ, ಸಾಲದ ಕಂತು, ಇಂಟರ್ನೆಟ್ಟು, ಜಿಮ್ಮಿನ ಶುಲ್ಕ ತಿಂಗಳಿಡೀ ನಡೆಯುತ್ತಲೇ ಇರುತ್ತವೆ. ವಾರದ ಪ್ರವಾಸದಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ತಿಂಗಳ ವಾಸದಲ್ಲಿ ಎರಡೆರಡು ಮನೆಗೆ ಬಾಡಿಗೆ ಕೊಟ್ಟಂತೆ. ಅಲ್ಲಿ ತಿಂಗಳಿಗೆ ಇಷ್ಟೇ ಆಯಿತು ಎಂದು ಹೆಮ್ಮೆಯಿಂದ ಬರೆಯುವವರಲ್ಲಿ ಹಲವರು ಸ್ವಂತ ಊರಿನ ಮನೆಯನ್ನೇ ಬಿಟ್ಟುಕೊಟ್ಟು ಹೊರಟವರು. ಅವರ ಅಂಕಿಯನ್ನು ನಿಮ್ಮದಕ್ಕೆ ಹೋಲಿಸುವ ಮೊದಲು ಅದೊಂದನ್ನು ಕೇಳಿಕೊಳ್ಳಿ. ನಿಲ್ಲಿಸಬಹುದಾದ ಚಂದಾಗಳನ್ನು ಹೊರಡುವ ಹದಿನೈದು ದಿನ ಮುಂಚೆಯೇ ನಿಲ್ಲಿಸಿ. ತಡ ಮಾಡಿದರೆ ಎಷ್ಟೋ ಕಡೆ ಮುಂದಿನ ತಿಂಗಳ ಬಿಲ್ಲು ತಾನಾಗಿ ಬಂದಿರುತ್ತದೆ.